ಮಲಪ್ರಭಾ ದ್ವೀಪಕ್ಕೆ ಒಂದು ದಿನದ ಪ್ಯಾಕೇಜು

ಟೂರಿಸ್ಟ್ ಏಜೆಂಟರ ಗೋಡೆಗಳ ಮೇಲೆ ಈಗ ತಿರುಪತಿ ತಿಮ್ಮಪ್ಪನ ಪಕ್ಕದಲ್ಲೇ ಒಂದು ದ್ವೀಪ ಬಂದು ಕೂತಿದೆ. ನೀಲಿ ನೀರು, ಬಾಗಿದ ತೆಂಗು, ತಂತಿಗೆ ಜೋತುಬಿದ್ದು ಕೈ ಚಾಚಿ ನಗುವ ಗಂಡ, ಕುದುರೆಯ ಮೇಲೆ ಕೂದಲು ಹಾರಿಸುತ್ತ ಕೂತ ಹೆಂಡತಿ. ಬೆಳಿಗ್ಗೆ ಕುದುರೆ ಸವಾರಿ, ಮಧ್ಯಾಹ್ನ ಜಿಪ್‌ಲೈನ್, ಸಂಜೆ ಸಮುದ್ರ. ಕಬ್ಬಿನ ಬಿಲ್ಲು ವೇಳೆಗೆ ಸರಿಯಾಗಿ ಬಂದರೆ ನಮ್ಮ ಬೈಲಹೊಂಗಲದವರೂ ಹೋಗಿಬರಲು ತಯಾರು. ಬಿಲ್ಲು ವೇಳೆಗೆ ಬರುವುದಿಲ್ಲವಾದ್ದರಿಂದ ದ್ವೀಪವನ್ನೇ ಇಲ್ಲಿಗೆ ತರಿಸುವುದು ಜಾಣತನ. ಅಭಿವೃದ್ಧಿ ಎಂದರೆ ಇದೇ ಎಂದು ದೊಡ್ಡವರು ಭಾಷಣದಲ್ಲಿ ಹೇಳುತ್ತಲೇ ಇರುತ್ತಾರೆ.

ಕುದುರೆ, ತಂತಿ, ಸಮುದ್ರ ಸೇರಿಸಿ ಮಾರುವ ಈ ವಿದ್ಯೆಯಲ್ಲಿ ಪಳಗಿದ್ದು ಕೆರಿಬಿಯನ್ ಕಡೆಯ ಪೋರ್ಟೊ ರಿಕೊ. ಅಲ್ಲಿನ ಒರೊಕೊವಿಸ್ ಬೆಟ್ಟದಲ್ಲಿ ಸುಮಾರು ಎರಡೂವರೆ ಕಿಲೋಮೀಟರಿನ ಜಿಪ್‌ಲೈನ್ ಇದೆ. 2016ರಲ್ಲಿ ಅದು ಜಗತ್ತಿನಲ್ಲೇ ಉದ್ದದ್ದು. 2018ರಲ್ಲಿ ಯುಎಇಯ ಜೆಬೆಲ್ ಜೈಸ್ ಬೆಟ್ಟದಲ್ಲಿ 2.83 ಕಿಲೋಮೀಟರ್ ತಂತಿ ಎಳೆದು ಆ ಪಟ್ಟ ಕಸಿದುಕೊಂಡರು. ಪೋರ್ಟೊ ರಿಕೊದ ಪಾಸೊ ಫಿನೊ ಕುದುರೆ ಸವಾರನ ನಡ ಅಲುಗದಂತೆ ನಡೆಯುವುದಕ್ಕೆ ಹೆಸರಾಗಿದೆ. ನಾವು ಯಾವುದರಲ್ಲಿ ಕಡಿಮೆ? ಆ ದ್ವೀಪ ಇರುವುದು 18 ಡಿಗ್ರಿ ಅಕ್ಷಾಂಶದಲ್ಲಿ, ನಮ್ಮ ರಾಮದುರ್ಗ ಇರುವುದು ಸುಮಾರು 16ರಲ್ಲಿ. ಸಮಭಾಜಕ ವೃತ್ತಕ್ಕೆ ನಾವೇ ಹೆಚ್ಚು ಹತ್ತಿರದ ಬೀಗರು. ತಂತಿಗೂ ಕೊರತೆಯಿಲ್ಲ, ಕಂಬದಿಂದ ಕಂಬಕ್ಕೆ ಜೋತುಬಿದ್ದು ಕಬ್ಬಿನ ಗರಿ ಸವರುವ ತಂತಿ ಎಷ್ಟು ಬೇಕೋ ಅಷ್ಟಿದೆ. ಆದ್ದರಿಂದ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೇರಿಸಿ ಒಂದು ದಿನದ ಸಾಹಸ ಪ್ಯಾಕೇಜು ಹೀಗಿರಲಿ.

ಬೆಳಿಗ್ಗೆ ಆರಕ್ಕೆ ಕಿತ್ತೂರು, ಕುದುರೆ ಸವಾರಿ. ಬಿಸಿಲೇರುವ ಮೊದಲೇ ಕುದುರೆ ಹತ್ತಬೇಕು ಎಂಬುದು ಎಲ್ಲ ದ್ವೀಪಗಳ ನಿಯಮ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಊರು ಇದು, ಕುದುರೆಗೆ ಇದಕ್ಕಿಂತ ಯೋಗ್ಯ ಜಾಗ ಎಲ್ಲಿದೆ? ಅಂದಿನಿಂದ ಈ ಸೀಮೆಯಲ್ಲಿ ಕುದುರೆಗಳ ಸಂತತಿ ವೃದ್ಧಿಸುತ್ತಲೇ ಇದೆ. ಕಿತ್ತೂರು, ಬೆಳಗಾವಿ, ಹುಬ್ಬಳ್ಳಿ, ಎಲ್ಲಿ ಚೌಕವಿದೆಯೋ ಅಲ್ಲಿ ರಾಣಿ ಚನ್ನಮ್ಮನ ಕುದುರೆ ಕಾಲೆತ್ತಿ ನಿಂತಿದೆ. ಈ ತಳಿಯ ಕುದುರೆ ಹುಲ್ಲು ಕೇಳುವುದಿಲ್ಲ, ಲದ್ದಿ ಹಾಕುವುದಿಲ್ಲ. ಅನುದಾನ ಮಾತ್ರ ತಿನ್ನುತ್ತದೆ.

ಉಸಿರಾಡುವ ಕುದುರೆಯೇ ಬೇಕೆಂದು ಹಟ ಹಿಡಿದರೆ ಎರಡು ಬಗೆ ಸಿಗುತ್ತವೆ. ಒಂದು ಮದುವೆಯದು; ಬ್ಯಾಂಡು ಬಾರಿಸದೆ ಹೆಜ್ಜೆ ಎತ್ತುವುದಿಲ್ಲ. ಇನ್ನೊಂದು ಶರ್ಯತ್ತಿನ ಗಾಡಿಯದು. ಗೆರೆ ದಾಟುವವರೆಗೆ ನಿಲ್ಲುವುದಿಲ್ಲ. ಬಲ್ಲವರು ಹೇಳುವಂತೆ ಕುದುರೆ ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಭಾರ ಹೊರಬಾರದು. ಮುನ್ನೂರು ಕಿಲೋ ತೂಗುವ ಕುದುರೆಗೆ ಜೀನೂ ಸೇರಿ ಅರವತ್ತು ಕಿಲೋ. ಈ ಲೆಕ್ಕ ಹಿಡಿದರೆ ಉದ್ಘಾಟನೆಗೆ ಬರುವ ಗಣ್ಯರಲ್ಲಿ ಕುದುರೆ ಹತ್ತಲು ಅರ್ಹರು ಸಿಗುವುದು ಅವರ ಪಿಎ ಒಬ್ಬರೇ. ಗಣ್ಯರು ಬೇಸರಪಡಬೇಕಿಲ್ಲ. ಕಿತ್ತೂರು ಉತ್ಸವದ ದಿನ ರಾಣಿಯ ಪ್ರತಿಮೆಗೆ ಮಾಲೆ ಹಾಕಲು ಕ್ರೇನಿನ ತೊಟ್ಟಿಲಲ್ಲಿ ಹೆಲ್ಮೆಟ್ಟಿಲ್ಲದೆ, ಬೆಲ್ಟಿಲ್ಲದೆ, ಬರೀ ಜಯಘೋಷದ ಬಲದಿಂದ ಮೇಲೇರುವ ಅವರೇ ನಮ್ಮ ಮೊದಲ ಸಾಹಸ ಕ್ರೀಡಾಪಟುಗಳು.

ಒಂಬತ್ತಕ್ಕೆ ಬೈಲಹೊಂಗಲ. ಅದೇ ರಾಣಿ ಇಲ್ಲಿಯ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಪ್ಯಾಕೇಜಿನಲ್ಲಿ ಹತ್ತು ನಿಮಿಷ: ಎಂಟು ಸೆಲ್ಫಿಗೆ, ಎರಡು ಇತಿಹಾಸಕ್ಕೆ. ಮುಂದೆ ತಂತಿಗೆ ಜೋತುಬೀಳುವುದಿದೆ, ಆದ್ದರಿಂದ ಹೊಟ್ಟೆ ಹಗುರ ಇರಲಿ ಎಂದು ದ್ವೀಪದ ಗೈಡುಗಳು ಎಚ್ಚರಿಸುತ್ತಾರೆ. ಗಿರಮಿಟ್ಟು, ಮೆಣಸಿನಕಾಯಿ ಬಜಿ ಘಮಘಮಿಸುವ ಪೇಟೆಯಲ್ಲಿ ಈ ಮಾತು ಹೇಳುವವನಿಗೇ ನಿಜವಾದ ಧೈರ್ಯ ಬೇಕು.

ಇಲ್ಲಿಂದ ಸವದತ್ತಿಗೆ ಹೋಗಲು ರೈಲು ಕೇಳಬೇಡಿ. ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ. ಧಾರವಾಡ–ಕಿತ್ತೂರು–ಬೆಳಗಾವಿ ರೈಲು ಇಷ್ಟು ವರ್ಷ ನಕಾಶೆಯ ಮೇಲೆ ಓಡಿದೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಬರಬೇಕಾದದ್ದು ಮನವಿಪತ್ರದ ಮೇಲೆ ಓಡಿದೆ. ಹೀಗಾಗಿ ರಸ್ತೆಯೇ ಗತಿ. ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುತ್ತ, ಹಿಂದೆ ಕೆಂಪು ದೀಪವಿಲ್ಲದೆ, ಮುಂದೆ ಡಿಜೆ ಹಾಡಿನೊಂದಿಗೆ ಬರುವ ಟ್ರ್ಯಾಕ್ಟರನ್ನು ತಿರುವಿನಲ್ಲಿ ಹಿಂದಿಕ್ಕುವ ಆಟ ಪ್ಯಾಕೇಜಿನ ಉಚಿತ ಕೊಡುಗೆ. ಇದನ್ನು ಪೋರ್ಟೊ ರಿಕೊದಲ್ಲಿ ಎಷ್ಟು ಡಾಲರ್ ಚೆಲ್ಲಿದರೂ ಕೊಡುವುದಿಲ್ಲ.

ಮಧ್ಯಾಹ್ನ ಸವದತ್ತಿಯ ನವಿಲುತೀರ್ಥ, ಜಿಪ್‌ಲೈನ್. ಮಲಪ್ರಭೆ ಗುಡ್ಡ ಸೀಳಿಕೊಂಡು ಹೊರಟ ಜಾಗ ಇದು. ಎರಡು ಕಡೆ ಬಂಡೆ, ನಡುವೆ ಅಣೆಕಟ್ಟು, ಹಿಂದೆ 37.73 ಟಿಎಂಸಿ ಹಿಡಿಯುವ ರೇಣುಕಾಸಾಗರ. ತಂತಿ ಎಳೆಯಲು ದೇವರೇ ಮಾಡಿಟ್ಟ ಜಾಗ ಎಂದು ಯಾವ ಗುತ್ತಿಗೆದಾರನಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ತಂತಿ ಎಳೆದರಷ್ಟೇ ಸಾಲದು ಎಂಬುದು ಮಾತ್ರ ತಿಳಿಯುವುದಿಲ್ಲ. ಇಳಿಜಾರು ಹೆಚ್ಚಾದರೆ ಸವಾರ ಆಚೆ ಕಂಬಕ್ಕೆ ಬಡಿಯುತ್ತಾನೆ, ಕಡಿಮೆಯಾದರೆ ನಡುವೆ ನಿಲ್ಲುತ್ತಾನೆ. ತೀರ ಹಗುರ ಇದ್ದವರೂ ನಿಲ್ಲುತ್ತಾರೆ, ತೀರ ಭಾರದವರು ನಿಲ್ಲುವುದೇ ಇಲ್ಲ. ಅದಕ್ಕೇ ತೂಕದ ಮಿತಿ, ಬ್ರೇಕು, ಎರಡನೆಯ ರಕ್ಷಣಾ ಹಗ್ಗ, ದಿನಾ ಬೆಳಿಗ್ಗೆ ತಂತಿಯ ತಪಾಸಣೆ. ನಮ್ಮಲ್ಲಿ ತೂಕ ನೋಡುವುದು ಕಬ್ಬಿನದು ಮಾತ್ರ. ಅದರ ಕಾಟಾದ ಬಗ್ಗೆಯೂ ರೈತರಿಗೆ ತಮ್ಮದೇ ಅನುಮಾನವಿದೆ.

ಇದು ನಗುವ ಮಾತಲ್ಲ. 2024ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹಾರೋಹಳ್ಳಿ ಕಡೆಯ ರೆಸಾರ್ಟೊಂದರಲ್ಲಿ ಜಿಪ್‌ಲೈನ್ ತುಂಡಾಗಿ, ಗೆಳೆಯರೊಂದಿಗೆ ರಜೆ ಕಳೆಯಲು ಹೋಗಿದ್ದ ಬೆಂಗಳೂರಿನ ಮಹಿಳೆ ಸತ್ತರು. ತಂತಿ ತುಂಡಾದ ಮೇಲೆ ಎಫ್‌ಐಆರ್ ಆಗುತ್ತದೆ. ತುಂಡಾಗುವ ಮೊದಲು ಆಗುವುದು ರಿಬ್ಬನ್ ತುಂಡು ಮಾಡುವ ಕೆಲಸ. ನಮ್ಮ ವ್ಯವಸ್ಥೆಗೆ ಇವೆರಡರ ನಡುವಿನ ದಿನಗಳಲ್ಲಿ ಏನು ಮಾಡಬೇಕು ಎಂಬುದೇ ಗೊತ್ತಿಲ್ಲ.

ಅಲ್ಲಿಂದ ಎಲ್ಲಮ್ಮನ ಗುಡ್ಡ. ಇದರ ಅಭಿವೃದ್ಧಿಗೆ ಕೇಂದ್ರ 2024ರಲ್ಲಿ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಸಂತೋಷ. ಆದರೆ ಸಾಹಸವನ್ನು ಹೊಸದಾಗಿ ತರಬೇಕಿಲ್ಲ, ಅದು ಇಲ್ಲಿ ಮೊದಲಿನಿಂದಲೂ ಇದೆ. ಭಾರತ ಹುಣ್ಣಿಮೆಗೆ ಮಹಾರಾಷ್ಟ್ರ, ಗೋವಾ, ಆಂಧ್ರದಿಂದೆಲ್ಲ ಉಧೋ ಉಧೋ ಎನ್ನುತ್ತ ಬರುವ ಜನ ಬಯಲಲ್ಲೇ ಒಲೆ ಹೂಡಿ, ಬಯಲಲ್ಲೇ ಮಲಗುತ್ತಾರೆ. ಮಿಕ್ಕದ್ದಕ್ಕೆ ಮರೆ ಹುಡುಕಲು ಹೆಂಗಸರು ನಸುಕಿನ ಕತ್ತಲನ್ನೇ ನಂಬಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸಿನ ಟಿಕೆಟ್ ಮಾಫಾಯಿತು. ಬಸ್ಸಿನ ಅಗಲ ಮಾತ್ರ ಇದ್ದಷ್ಟೇ ಇದೆ. ಬಾಗಿಲಲ್ಲಿ ಜೋತುಬಿದ್ದವರ ಮೇಲಿಂದ ಕಂಡಕ್ಟರ್ ಕೂಗುತ್ತಾನೆ, “ಯವ್ವಾ, ಇನ್ನೊಂಚೂರ ಒಳಗ ಸರೀಬೇ!” ಒಳಗಿನಿಂದ ಅಜ್ಜಿಯ ಉತ್ತರ, “ಎಲ್ಲಿಗಿ ಸರೀಲೋ ಯಪ್ಪಾ? ಇನ್ನ ಸರದ್ರ ಡ್ರೈವರನ ತೊಡಿ ಮ್ಯಾಲ ಕುಂಡ್ರಬೇಕ.” ಈ ಅಜ್ಜಿಗೆ ಜಿಪ್‌ಲೈನಿನ ರೋಮಾಂಚನ ಮಾರಲು ಹೊರಟವನ ಧೈರ್ಯ ಮೆಚ್ಚಬೇಕು.

ಸಂಜೆ ರಾಮದುರ್ಗ, ದ್ವೀಪದರ್ಶನ. ಬೇರೆ ದ್ವೀಪಗಳಿಗೆ ಜನ ಹೋಗಬೇಕು; ಮಲಪ್ರಭೆಯ ದ್ವೀಪ ಜನರಿದ್ದಲ್ಲಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮೇಲೆ ಮಳೆ, ಹಿಂದೆ ಅಣೆಕಟ್ಟಿನ ನೀರು ಸೇರಿ ನದಿ ಊರೊಳಗೆ ನುಗ್ಗಿತು. ನೇಕಾರರ ಓಣಿಗಳಲ್ಲಿ ಮಗ್ಗಗಳು ನೀರಲ್ಲಿ ನಿಂತವು, ಹೊಳೆಯಂಚಿನ ಹಳ್ಳಿಗಳು ನಡುಗಡ್ಡೆಯಾದವು. ಆಗ ಹಗ್ಗ ಕಟ್ಟಿ, ದೋಣಿ ತಂದು ಜನರನ್ನು ಎಳೆದುಕೊಂಡರು. ಅಂಥ ಓಣಿಯ ನೇಕಾರನ ಮುಂದೆ ಈ ಪ್ಯಾಕೇಜು ಬಿಡಿಸಿಟ್ಟರೆ ಉತ್ತರ ಇಷ್ಟೇ: “ಹಗ್ಗಕ್ಕ ಜೋತಬೀಳೂದು ನಮಗೇನ ಹೊಸಾದ್ರಿ ಸಾಹೇಬ್ರ? ಮ್ಯಾಲ ಮಳಿ, ಕೆಳಗ ಹೊಳಿ. ಟಿಕೆಟ್ಟೊಂದ ಇರಲಿಲ್ಲ ನೋಡ್ರಿ.”

ಟಿಕೆಟ್ ಇರಲಿಲ್ಲ, ನಿಜ, ದರ್ಜೆ ಇತ್ತು. ತುರ್ತಿಗೆಂದು ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಸರ್ಕಾರ ಘೋಷಿಸಿತು. ಆಮೇಲೆ ಬಿದ್ದ ಮನೆ ‘ಎ’ ವರ್ಗವೋ ‘ಸಿ’ ವರ್ಗವೋ ಎಂಬ ಆಟ ಶುರುವಾಯಿತು. ಗ್ರಾಮ ಪಂಚಾಯಿತಿಯಿಂದ ತಹಶೀಲ್ದಾರ ಕಚೇರಿಗೆ, ಅಲ್ಲಿಂದ ಎಂಜಿನಿಯರನ ಮನೆಗೆ, ಮತ್ತೆ ಪಂಚಾಯಿತಿಗೆ. ಇಷ್ಟು ದೂರ ಯಾವ ಪಾಸೊ ಫಿನೊ ಕುದುರೆಯೂ ನಡ ಅಲುಗದೆ ಓಡಲಾರದು. ಪೋರ್ಟೊ ರಿಕೊದವರಿಗೂ ಈ ಕಥೆ ಗೊತ್ತು. 2017ರಲ್ಲಿ ಮರಿಯಾ ಚಂಡಮಾರುತ ಬಡಿದು ಆ ದ್ವೀಪದ ಹಲವು ಕಡೆ ತಿಂಗಳುಗಟ್ಟಲೆ ಕರೆಂಟಿರಲಿಲ್ಲ, ಸತ್ತವರು ಸಾವಿರಾರು. ಏಜೆಂಟರ ಗೋಡೆಯ ಚಿತ್ರದಲ್ಲಿ ಆ ವರ್ಷ ಇರುವುದಿಲ್ಲ. ಪ್ರವಾಸಿಗೆ ದ್ವೀಪವೆಂದರೆ ರಜೆಯ ನಾಲ್ಕು ದಿನ. ಮಳೆಗಾಲ ಅಲ್ಲಿ ಮನೆ ಇದ್ದವರ ಪಾಲಿಗೆ.

ನನಗೆ ಜಿಪ್‌ಲೈನಿನ ಮೇಲೆ ಸಿಟ್ಟಿಲ್ಲ, ಕುದುರೆಯ ಮೇಲಂತೂ ಇಲ್ಲವೇ ಇಲ್ಲ. ನವಿಲುತೀರ್ಥದ ಬಂಡೆಗಳ ನಡುವೆ ನಮ್ಮ ಹುಡುಗ ಹುಡುಗಿಯರು ಹಾರಲಿ, ಕಿತ್ತೂರಿನ ಬಯಲಲ್ಲಿ ಸವಾರಿ ಕಲಿಯಲಿ. ಇದನ್ನು ಕಲಿಸಲೆಂದೇ ರಾಜ್ಯದಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ. ತಂತಿ ಎಳೆಯುವವನಿಗಿಂತ ಮೊದಲು ಕಲಿಸುವವರನ್ನು ಕರೆಸಿ. ಕುದುರೆ ತರುವ ಮೊದಲು ಅದಕ್ಕೆ ನೆರಳು, ನೀರು, ವಾರಕ್ಕೊಮ್ಮೆ ಪಶುವೈದ್ಯರು ಇರಲಿ. ತಂತಿಯ ತಪಾಸಣೆ ಕೊನೆಗೆ ನಡೆದ ದಿನಾಂಕ ಟಿಕೆಟ್ ಕಿಂಡಿಯ ಮೇಲೆ, ಶಾಸಕರ ಭಾವಚಿತ್ರದ ಅರ್ಧದಷ್ಟಾದರೂ ದೊಡ್ಡದಾಗಿ ಬರೆದಿರಲಿ.

ಅದಕ್ಕೂ ಮೊದಲು ಎಲ್ಲಮ್ಮನ ಗುಡ್ಡದಲ್ಲಿ ಹೆಂಗಸರಿಗೆ ಬಾಗಿಲು, ನೀರು, ಚಿಲಕ ಮೂರೂ ಇರುವ ಶೌಚಾಲಯ. ಹುಣ್ಣಿಮೆಗೆ ನಾಲ್ಕು ಹೆಚ್ಚಿನ ಬಸ್ಸು. ರಾಮದುರ್ಗದಲ್ಲಿ ನೀರು ಏರುವ ಹಿಂದಿನ ರಾತ್ರಿಯೇ ಮುಟ್ಟುವ ಎಚ್ಚರಿಕೆ. ಈ ಮೂರಕ್ಕೆ ಯಾವ ವಿದೇಶ ಅಧ್ಯಯನ ಪ್ರವಾಸವೂ ಬೇಕಿಲ್ಲ. ಮುಂದಿನ ಸಲ ನಿಮ್ಮೂರಿಗೆ ಸಾಹಸ ಪ್ರವಾಸೋದ್ಯಮದ ಶಂಕುಸ್ಥಾಪನೆಗೆ ಯಾರೇ ಬರಲಿ, ಚಪ್ಪಾಳೆ ತಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: “ಸಾಹೇಬ್ರ, ಪಾಯಖಾನಿ ಎಲ್ಲೈತ್ರಿ?”