ಉಂಡಿದ್ದು ಮೈಗೆ ಹತ್ತಲಿ

ಬೆಂಗಳೂರಿನಲ್ಲಿ ನೌಕರಿ ಮಾಡುವ ಹುಡುಗ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚೀಲ ಹೆಗಲಿಗೇರಿಸುವಷ್ಟರಲ್ಲೇ ಯಾರೋ ಒಬ್ಬರು ಕೇಳಿಬಿಡುತ್ತಾರೆ: "ಯಾಕೋ ತಮ್ಮಾ, ಸೊರಗಿ ಕಡ್ಡಿ ಆಗೀಯಲ್ಲೋ! ಅಲ್ಲಿ ಉಣ್ಣಾಕ ಹಾಕಂಗಿಲ್ಲೇನು?" ಎಂಬತ್ತು ಕಿಲೋ ತೂಗುವವನಿಗೂ ಇದೇ ಪ್ರಶ್ನೆ. ಅವನೇ ಮದುವೆಯಾಗಿ ಬೀಗರೂರಿಗೆ ಹೋದರೆ, "ಅಳಿಯಾರು ಈಗ ಮೈಕೈ ತುಂಬ್ಕೊಂಡಾರ ನೋಡ್ರಿ" ಎಂಬ ಮೆಚ್ಚುಗೆ. ಅದರ ಅರ್ಧ ಪಾಲು ಅತ್ತೆಯ ಶೇಂಗಾ ಹೋಳಿಗೆಗೆ ಸಲ್ಲುತ್ತದೆ.

ಹಿಂದೆ ಮೈ ಮಾಡಬೇಕೆಂದರೆ ಗರಡಿಮನೆ. ಕೆಮ್ಮಣ್ಣಿನಲ್ಲಿ ಹೊರಳಾಟ, ಬಸ್ಕಿ, ಸಂಗ್ರಾಣಿ ಕಲ್ಲು. ಈಗ ಬಾಗಲಕೋಟೆಯ ನವನಗರದ ಹುಡುಗರಿಗೆ ಜಿಮ್ಮು, ಕನ್ನಡಿ, ಡಬ್ಬಿಯಲ್ಲಿ ಪ್ರೋಟೀನ್ ಪುಡಿ. "ಪುಡಿ ಕುಡದ್ರ ಮೈ ಬರತೈತೇನೋ?" ಎಂದು ಅಜ್ಜನಿಗೆ ಅನುಮಾನ. ಬರುತ್ತದೆ ಅಜ್ಜಾ, ತೋಳು ಅಂಗಿ ಹರಿಯುವಷ್ಟು ಬರುತ್ತದೆ. ಆದರೆ ಜೋಳದ ಚೀಲ ಇಳಿಸು ಎಂದ ದಿನವೇ ಮೊಮ್ಮಗನಿಗೆ ರೆಸ್ಟ್ ಡೇ!

ಬಾದಾಮಿಯ ಮೂರನೆಯ ಗುಹೆ 578ರದು. ಅಲ್ಲಿ ಈ ಹುಡುಗರು ಫೋಟೊಕ್ಕೆ ನಿಲ್ಲುವುದು ತ್ರಿವಿಕ್ರಮನ ಪಕ್ಕ, ಉಸಿರು ಬಿಗಿಹಿಡಿದು. ಕೆಳಗೆ ಜಗಲಿಯ ಪಟ್ಟಿಯಲ್ಲಿ ಡೊಳ್ಳುಹೊಟ್ಟೆಯ ಗಣಗಳು ಕುಣಿಯುತ್ತಿವೆ. ಹದಿನಾಲ್ಕು ಶತಮಾನದಿಂದ ಒಬ್ಬನೂ ಹೊಟ್ಟೆ ಒಳಗೆಳೆದುಕೊಂಡಿಲ್ಲ. ನನ್ನ ಓಟು ಅವರಿಗೇ.

ಪುಡಿಯ ಡಬ್ಬಿಗೆ ದುಡ್ಡು ಸುರಿಯುವವರು ಹಾದಿಯಲ್ಲೇ ಇರುವ ಅಮೀನಗಡದಲ್ಲಿ ಇಳಿಯಬಾರದೇ? ಕರದಂಟಿಗೆಂದು ಅಂಟನ್ನು ಕಾದ ತುಪ್ಪಕ್ಕೆ ಹಾಕುವುದನ್ನು ನೋಡಬೇಕು. ಗಟ್ಟಿ ಹರಳು ಚಟಪಟ ಎಂದು ಉಬ್ಬಿ, ಬೆಳ್ಳಗೆ ಅರಳಿ, ಮೂರು ಪಟ್ಟಾಗುತ್ತದೆ. ಆಮೇಲೆ ಬೆಲ್ಲ, ಒಣಕೊಬ್ಬರಿ, ಗೋಡಂಬಿ. ಅಂಟಿನುಂಡೆ ತಿಂದ ಬಾಣಂತಿಯರೂ ಹೆಚ್ಚುಕಡಿಮೆ ಹಾಗೇ ಅರಳುತ್ತಾರೆ, ತಪ್ಪೇನಿಲ್ಲ.

ಹೆಂಗಸರಿಗೆ ಇಳಕಲ್ ಸೀರೆಯ ಆಸರೆ ಬೇರೆ ಇದೆ. ನಿರಿಗೆ ಎರಡು ಕಡಿಮೆ ಹಿಡಿದರಾಯಿತು, ಟೋಪಿತೆನಿ ಸೆರಗು ಉಳಿದದ್ದನ್ನು ಮುಚ್ಚುತ್ತದೆ. ಗುಟ್ಟು ರಟ್ಟು ಮಾಡುವುದು ಗುಳೇದಗುಡ್ಡದ ಖಣದ ಕುಪ್ಪಸ. ತೋಳಿಗೆ ಏರುವುದೇ ಇಲ್ಲ. ಪಾಪ, ದರ್ಜಿ ಬಲು ನಯಸ್ಥ, ಒಳಗೆ ಬಿಟ್ಟಿದ್ದ ಬಟ್ಟೆಯ ಹೊಲಿಗೆ ಬಿಚ್ಚುತ್ತಾ, ತಲೆ ಎತ್ತದೆ ಅನ್ನುತ್ತಾನೆ: "ನೀವೇನ ದಪ್ಪ ಆಗಿಲ್ಲ ಬಿಡ್ರಿ ಅಕ್ಕಾರ, ಈಗಿನ ಖಣಾನ ಹಂಗ. ಒಗದ್ರ ಸಾಕು, ಸಣ್ಣ ಆಗತಾವ್ರಿ."