ಇಸಿಜಿ ಈಶ್ವರಯ್ಯ

ರಾತ್ರಿ ಹನ್ನೊಂದರ ಮೇಲೆ ನಮ್ಮ ಗೇಟು ಕಿರ್ರೆಂದರೆ ನನ್ನವಳು ಮಗ್ಗುಲು ಕೂಡ ಬದಲಿಸದೆ ಹೇಳುತ್ತಾಳೆ: "ಕಾರಿನ ಕೀ ಫ್ರಿಜ್ಜಿನ ಮೇಲಿದೆ." ಬಂದವರು ಎದುರು ಮನೆಯ ಸಾವಿತ್ರಮ್ಮ. "ಇವ್ರಿಗೆ ಮತ್ತೆ ಹಂಗೇ ಆಗ್ತಿದೆಯಂತೆ ಕಣಪ್ಪಾ" ಅನ್ನುತ್ತಾರೆ. 'ಹಂಗೇ' ಅಂದರೆ ಹೇಗೆ ಎಂದು ಕೇಳುವ ಕಾಲ ಯಾವತ್ತೋ ಮುಗಿದಿದೆ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಿಂದ ಕ್ಯಾಶುವಾಲ್ಟಿಯ ಬಾಗಿಲಿಗೆ ನನ್ನ ಹಳೇ ಮಾರುತಿ ಈಗ ಕೊಟ್ಟಿಗೆಗೆ ಹಸು ಹೋಗುವಂತೆ ತಾನೇ ಹೋಗುತ್ತದೆ.

ಮುಂದಿನ ಸೀಟಿನಲ್ಲಿ ಈಶ್ವರಯ್ಯನವರು. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈಯಲ್ಲಿ ಕಡತ. ಅವರು ಖಜಾನೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಪ್ರಾಣ ಹೋಗುವ ಹೊತ್ತಿನಲ್ಲೂ ಕಾಗದಪತ್ರ ಬಿಟ್ಟು ಹೊರಡುವ ಜಾತಿಯಲ್ಲ. ಕಡತಕ್ಕೆ ಕೆಂಪು ದಾರ, ಪ್ರತಿ ಹಾಳೆಗೂ ಪುಟಸಂಖ್ಯೆ. ಒಳಗೆ ೨೩ ಇಸಿಜಿ, ೨ ಟ್ರೆಡ್‌ಮಿಲ್ ಪರೀಕ್ಷೆ, ಮೂರು ಎಕೋ, ಒಂದು ಎಂಡೋಸ್ಕೋಪಿ. ಇಸಿಜಿ ಕಾಗದ ಬರಬರುತ್ತ ಮಾಸುತ್ತದೆಂದು ಎಲ್ಲದಕ್ಕೂ ಜೆರಾಕ್ಸ್. ಪ್ರತಿಯೊಂದರ ಕೆಳಗೂ ವೈದ್ಯರ ಷರಾ ಒಂದೇ: 'ನಾರ್ಮಲ್'.

ಈ 'ನಾರ್ಮಲ್' ಅವರಿಗೆ ಸಮಾಧಾನ ತಂದೀತೆಂದು ನೀವು ತಿಳಿದರೆ ನಿಮಗೆ ಈ ಕುಲದ ಪರಿಚಯವಿಲ್ಲ. "ನೋಡಿದ್ರಾ ಸಾರ್, ಎಲ್ಲಾ ನಾರ್ಮಲ್ಲಂತೆ. ಮಿಷನ್ನಿಗೇ ಸಿಗ್ತಿಲ್ಲ ಅಂದ್ರೆ ಎಷ್ಟು ದೊಡ್ಡ ಕಾಯಿಲೆ ಇರಬೇಡ!" ಎಂದು ಅವರು ವಾಪಸು ಬರುವಾಗ ಕಾರಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ಲೆಕ್ಕ ಸರಿಯಿದೆ ಎಂದರೆ ಎಲ್ಲೋ ದುಡ್ಡು ಹೊಡೆದಿದ್ದಾರೆ ಎಂದೇ ನಂಬಿ ನೌಕರಿ ಮಾಡಿದವರು, ಪಾಪ.

ಮನೆಮದ್ದಿನಲ್ಲಿ ಅವರು ಮಾಡದ ಪ್ರಯೋಗವಿಲ್ಲ. ಓಂಕಾಳು ಅಗಿದರು, ಇಂಗು ಹಾಕಿದ ಮಜ್ಜಿಗೆ ಕುಡಿದರು, ಈನೋ ಕರಗಿಸಿದರು, ಸೋಡಾಕ್ಕೆ ನಿಂಬೆಹಣ್ಣು ಹಿಂಡಿದರು. ನಮ್ಮ ಕಡೆ ಎದೆಯಲ್ಲಿ ಏನಾದರೂ ಮೊದಲ ಆರೋಪಿ ಗ್ಯಾಸು, ಎರಡನೆಯ ಆರೋಪಿ ಹಾರ್ಟು. ಮೂರನೆಯವನೊಬ್ಬ ಇದ್ದಾನೆಂದು ಯಾರೂ ದೂರು ಕೊಡುವುದಿಲ್ಲ. ಕೊರೊನಾ ಕಾಲದ ಆಕ್ಸಿಮೀಟರ್ ಇನ್ನೂ ಅವರ ಜುಬ್ಬಾ ಜೇಬಿನಲ್ಲಿದೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವ ಮುಂಚೆ ಒಮ್ಮೆ, ಬಡಿಸಿದ ಮೇಲೆ ಒಮ್ಮೆ ಬೆರಳು ತೂರಿಸಿ ನೋಡುತ್ತಾರೆ.

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಈಶ್ವರಯ್ಯನವರದು ಅಂದಿನಿಂದ ಕೆಳಗಿಳಿಸದ ಕೈ. ೨೦೨೫ರಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದು ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆಯೇ ಸಾಲುಗಟ್ಟಿದರಲ್ಲ, ಆಗ ಇವರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ ಸಾಲಿನಲ್ಲಿದ್ದವರಿಗೆ ಟ್ರೆಡ್‌ಮಿಲ್ ಮೇಲೆ ಹೇಗೆ ಓಡಬೇಕೆಂದು ಪಾಠ ಹೇಳಿ ಬಂದರು.

ನಗುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಎದೆನೋವು ಬಂದಾಗ 'ಟೆನ್ಷನ್ ಅಷ್ಟೇ' ಎಂದು ತಾವೇ ತೀರ್ಪು ಕೊಟ್ಟುಕೊಂಡು ಮನೆಯಲ್ಲಿ ಮಲಗುವವರು ಈಶ್ವರಯ್ಯನವರಿಗಿಂತ ದೊಡ್ಡ ಮೂರ್ಖರು. ಹೃದಯವನ್ನು ಮೊದಲು ತೋರಿಸಲೇಬೇಕು. ಅವರ ಮೊದಲನೇ ಇಸಿಜಿಗೆ ನನ್ನ ತಕರಾರಿಲ್ಲ. ತಕರಾರಿರುವುದು, ವೈದ್ಯರು ಎಲ್ಲವನ್ನೂ ತಪಾಸಣೆ ಮಾಡಿ ಬೇರೆ ದಾರಿ ತೋರಿಸಿದ ಮೇಲೂ ಸೇರುತ್ತಾ ಹೋದ ಪುಟಗಳ ಬಗ್ಗೆ.

ಆ ದಾರಿ ತೋರಿಸಿದವಳು ರಾತ್ರಿ ಪಾಳಿಯ ಒಬ್ಬ ಎಳೇ ಡಾಕ್ಟರ್. ಕಡತವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿ (ಅಷ್ಟಕ್ಕೇ ಈಶ್ವರಯ್ಯನವರಿಗೆ ಅವಳ ಮೇಲೆ ಗೌರವ ಬಂತು) ಕೇಳಿದಳು: "ಅಂಕಲ್, ಬಂಡೀಪುರದ ರಸ್ತೇಲಿ ಒಂಟಿ ಸಲಗ ಅಡ್ಡ ಬಂದ್ರೆ ನಿಮಗೇನಾಗುತ್ತೆ?"

"ಎದೆ ಡವಡವ ಅನ್ನುತ್ತೆ. ಬೆವರು ಕಿತ್ಕೊಂಡು ಬರುತ್ತೆ. ಬಾಯಿ ಒಣಗುತ್ತೆ. ಏದುಸಿರು."

"ಈಗ ಆಗ್ತಿರೋದೂ ಅದೇ ಅಲ್ವಾ? ಓಡೋಕೆ ಅಂತ ಮೈ ಅಡ್ರಿನಲಿನ್ ಸುರೀತಿದೆ. ಉಸಿರು ಜೋರಾಗಿ ಎಳೆದೂ ಎಳೆದೂ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿ ಬೆರಳು, ತುಟಿ ಜುಮ್ ಅನ್ನುತ್ತೆ, ತಲೆ ತಿರುಗುತ್ತೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಬೇಕಾದಷ್ಟು ಏರಿ, ಆಮೇಲೆ ತಾನಾಗೇ ಇಳಿಯುತ್ತೆ."

"ಕುವೆಂಪುನಗರದಲ್ಲಿ ಆನೆ ಎಲ್ಲಿ ಬಂತಮ್ಮಾ?"

"ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು."

ಚೀಟಿಯಲ್ಲಿ ಮನೋವೈದ್ಯರಿಗೆ ಎಂದು ಬರೆದುಕೊಟ್ಟಳು. ಕಾರು ಹತ್ತಿದವರೇ ಕೆಂಡವಾದರು: "ನನ್ನ ಹುಚ್ಚ ಅಂದುಕೊಂಡ್ಲೇನ್ರೀ ಆ ಹುಡುಗಿ? ನಾಳೆ ನಿಮ್ಹಾನ್ಸ್‌ಗೆ ಹೋಗು ಅಂತಾಳೆ!" ೧೯೭೪ರಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ದೇಶವೇ ಕೈಮುಗಿಯುವಂಥ ಸಂಸ್ಥೆಯೊಂದಿದೆ, ನಾವು ಅದರ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ.

ನನಗೆ ಆಶ್ಚರ್ಯವೆಂದರೆ ಕನ್ನಡಕ್ಕೆ ಈ ಕಾಯಿಲೆ ಎಷ್ಟೋ ಕಾಲದಿಂದ ಗೊತ್ತು. ಎದೆ ಝಲ್ಲೆಂದಿತು ಅನ್ನುತ್ತೇವೆ, ಜಂಘಾಬಲ ಉಡುಗಿತು ಅನ್ನುತ್ತೇವೆ, ಜೀವ ಬಾಯಿಗೆ ಬಂತು, ಹೊಟ್ಟೆ ತೊಳಸಿತು, ಕೈಕಾಲು ತಣ್ಣಗಾಯಿತು ಅನ್ನುತ್ತೇವೆ. ಇವುಗಳಲ್ಲಿ ಒಂದನ್ನಾದರೂ ಹೃದ್ರೋಗ ತಜ್ಞರಿಗೆಂದು ಯಾರೂ ಹುಟ್ಟಿಸಿದ್ದಲ್ಲ. ಭಯ ಮೈಯಲ್ಲಿ ಕೂರುತ್ತದೆಂದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಖಜಾನೆಯ ಹೆಡ್‌ಕ್ಲರ್ಕಿಗೆ ಮಾತ್ರ ಅದು ಲಿಖಿತದಲ್ಲಿ ಬೇಕಿತ್ತು.

ಲಿಖಿತ ಸಿಕ್ಕಿದ್ದು ಅಡುಗೆಮನೆಯಲ್ಲಿ. ಸಾವಿತ್ರಮ್ಮನವರ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಹಾಲಿನ ಲೆಕ್ಕ. ಅಲ್ಲಲ್ಲಿ ಅದರ ಪಕ್ಕ 'ಗ' ಎಂಬ ಅಕ್ಷರ. ಗ ಅಂದರೆ ಗ್ಯಾಸು, ಕ್ಯಾಶುವಾಲ್ಟಿಗೆ ಹೋದ ರಾತ್ರಿ. "ರೀ, ಒಂದ್ಸಲ ನಿಮ್ಮ ಫೈಲು ತಗೊಂಡು ಬನ್ನಿ" ಎಂದರು ಒಂದು ಮಧ್ಯಾಹ್ನ. ಎರಡನ್ನೂ ತಾಳೆ ನೋಡಿದರು. ೨೩ ಇಸಿಜಿಗಳಲ್ಲಿ ೧೯ ಭಾನುವಾರ ರಾತ್ರಿಯವು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಡಾಲಸ್ಸಿನಿಂದ ಮಗನ ಫೋನು ಬರಬೇಕು; ಆ ೧೯ ಭಾನುವಾರಗಳಲ್ಲೂ ಬಂದಿರಲಿಲ್ಲ. ಉಳಿದ ನಾಲ್ಕರಲ್ಲಿ ಮೂರು, ಪೇಪರಿನಲ್ಲಿ ಐಟಿ ಕಂಪನಿಗಳ ಲೇಆಫ್ ಸುದ್ದಿ ಬಂದ ದಿನದವು. ಇನ್ನೊಂದು, ಸಾವಿತ್ರಮ್ಮನವರ ಪ್ರಕಾರ, ನಿಜವಾಗಿಯೂ ಹಲಸಿನ ಹಣ್ಣು.

ಈಶ್ವರಯ್ಯನವರು ಡಾಕ್ಟರ ಮಾತಿಗೆ ಎದುರಾಡಬಲ್ಲರು, ಹೆಂಡತಿಯ ಮಾತಿಗಂತೂ ಸರಿಯೇ ಸರಿ. ತಾಳೆಯಾದ ಲೆಕ್ಕಕ್ಕೆ ಎದುರಾಡಿ ಅವರಿಗೆ ಅಭ್ಯಾಸವಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದರಂತೆ. ಆಮೇಲೆ, "ಅವನ ಕೆಲಸ ಹೋದ್ರೆ ವೀಸಾ ಗತಿ ಏನೇ?" ಅಂದರಂತೆ. ಆನೆ ಕಾಣಿಸಿತು.

ಮರುದಿನ ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ನನಗೆ ಎದುರು ತಾರಸಿಯ ನೀರಿನ ಟ್ಯಾಂಕಿನ ಹಿಂದಿನಿಂದ ಪಿಸುಮಾತು ಕೇಳಿಸಿತು. ೨೦೨೨ರ ಅಕ್ಟೋಬರ್ ೧೦ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ನಂಬರು ೧೪೪೧೬. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. "ನಮ್ಮ ಸ್ನೇಹಿತರೊಬ್ಬರಿಗೆ ಎದೆ ಹೊಡ್ಕೊಳ್ಳುತ್ತೆ ಮೇಡಂ..." ಎಂದು ಶುರುವಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆ ಸ್ನೇಹಿತರ ಮಗ ಡಾಲಸ್ಸಿನಲ್ಲಿದ್ದ. ಹದಿನೈದಕ್ಕೆ ಸ್ನೇಹಿತರು ಹೋಗಿ 'ನಾನು' ಬಂದಿತ್ತು. ನಾನು ಒದ್ದೆ ಬಟ್ಟೆಯನ್ನೇ ಹೊತ್ತು ಕೆಳಗಿಳಿದೆ.

ಮನೋವೈದ್ಯರ ಹೊರರೋಗಿ ವಿಭಾಗಕ್ಕೂ ಸಾರಥಿ ನಾನೇ. ಹಾಡಹಗಲು ಆ ದಾರಿ ಹಿಡಿದದ್ದು ಮಾರುತಿಗೆ ಹೊಸದು. ಬೆಂಚಿನ ಮೇಲೆ, ಮಫ್ಲರಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಈಶ್ವರಯ್ಯನವರ ಹಿಂದಿನ ಮೇಲಧಿಕಾರಿ! ಇಬ್ಬರೂ ಒಮ್ಮೆಲೇ ಎದ್ದು ನಿಂತರು.

"ನನಗೇನಿಲ್ಲಪ್ಪ, ಸ್ವಲ್ಪ ನರದ ತೊಂದರೆ" ಅಂದರು ಸಾಹೇಬರು.

"ನಂದೂ ನರವೇ ಸಾರ್" ಅಂದರು ಇವರು.

ಮನಸ್ಸೆಂದರೆ ಮಾನ ಹೋಗುತ್ತದೆ, ನರವೆಂದರೆ ಮರ್ಯಾದೆ ಉಳಿಯುತ್ತದೆ. ಬೆಂಚಿನ ಮೇಲಿದ್ದ ಹದಿನಾಲ್ಕು ಜನಕ್ಕೂ ಅಂದು ನರದ್ದೇ ತೊಂದರೆ.

ಮನೋವೈದ್ಯರು ಮಾತ್ರೆ ಬರೆದರು. ಅದು ಈನೋ ಅಲ್ಲ, ಗುಣ ಕಾಣಲು ಕೆಲವು ವಾರ ಬೇಕು, ತಾವಾಗಿ ನಿಲ್ಲಿಸಬಾರದು ಎಂದರು. ಮಾತಿನ ಚಿಕಿತ್ಸೆಗೆ ವಾರಕ್ಕೊಂದು ದಿನ ಗೊತ್ತುಮಾಡಿದರು. ದಿನಕ್ಕೆ ಐದು ಲೋಟ ಕಾಫಿ ಎರಡಕ್ಕಿಳಿಯಿತು. ಇದನ್ನೇ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಸಾವಿತ್ರಮ್ಮನವರು ಫೀಸು ಕೇಳಲಿಲ್ಲ. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡುವ ಅಭ್ಯಾಸ ಮಾತ್ರ ಈಶ್ವರಯ್ಯನವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ: "ಜಮಾ ನಾಲ್ಕು, ಖರ್ಚು ಆರು! ಯಾವ ಆಡಿಟ್ ಒಪ್ಪುತ್ತೆ ಸಾರ್?"

ಹೋದ ಭಾನುವಾರ ಮಗನ ಫೋನು ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಭ್ಯಾಸಬಲದಿಂದ ನನಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ಈಶ್ವರಯ್ಯನವರು ಜಗುಲಿಯ ಮೇಲೆ ಕೂತು ಬೆರಳು ಮಡಿಚಿ ಮಡಿಚಿ ಎಣಿಸುತ್ತಿದ್ದರು. ಪಕ್ಕದಲ್ಲಿ ಸಾವಿತ್ರಮ್ಮ ತೂಕಡಿಸುತ್ತಿದ್ದರು. ಗೇಟು ಕಿರ್ರೆನ್ನಲಿಲ್ಲ. ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಅವರ ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದೆ. ಆ ಚೌಕದಲ್ಲಿ ಹಾಲಿನ ಲೆಕ್ಕ ಮಾತ್ರ ಇತ್ತು: ಒಂದು ಲೀಟರ್.