ಯುಟಿಲ್ಸ್ ಮಹಾತ್ಮೆ

ನೋಡ್ ಜೆಎಸ್ ಪ್ರಾಜೆಕ್ಟ್ ಶುರುವಾಗುವುದು ಕೋಡಿನಿಂದಲ್ಲ, ಮೀಟಿಂಗಿನಿಂದ. ಕಂಟ್ರೋಲರ್ಸ್, ಮಾಡೆಲ್ಸ್, ರೂಟ್ಸ್, ಸರ್ವಿಸಸ್, ರೆಪಾಸಿಟರೀಸ್ ಎಂದು ಫೋಲ್ಡರ್‌ಗಳಿಗೆ ನಾಮಕರಣ ಆಗುತ್ತದೆ. ಆರ್ಕಿಟೆಕ್ಟ್ ಸಾಹೇಬರು ಸ್ಲೈಡ್ ಮುಚ್ಚಿ ‘ಕ್ಲೀನ್ ಆರ್ಕಿಟೆಕ್ಚರ್’ ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಆ್ಯಪ್ ಏನು ಮಾಡಬೇಕು ಎಂಬ ಮಾತು ಇನ್ನೂ ಬಂದಿಲ್ಲ.

ಆರು ತಿಂಗಳು ಬಿಟ್ಟು ಯುಟಿಲ್ಸ್ ಫೋಲ್ಡರ್ ತೆರೆದು ನೋಡಿ. ಜಿಎಸ್‌ಟಿ ಲೆಕ್ಕ ಅಲ್ಲಿದೆ. ಒಟಿಪಿ ಕಳಿಸುವುದು ಅಲ್ಲಿದೆ. ಗಿರಾಕಿಗೆ ದುಡ್ಡು ವಾಪಸ್ ಕೊಡುವ ನಿಯಮವೂ ಅಲ್ಲೇ ಇದೆ. ಪಕ್ಕದಲ್ಲಿ ಹೆಲ್ಪರ್ಸ್, ಅದರ ಪಕ್ಕ ಕಾಮನ್. ಮೂರಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಡಿ. ಗೊತ್ತಿದ್ದ ಒಬ್ಬರು ನೋಟಿಸ್ ಪೀರಿಯಡ್‌ನಲ್ಲಿದ್ದಾರೆ.

ಇದನ್ನೆಲ್ಲ ಯಾರೂ ಹೇರಿದ್ದಲ್ಲ. ರೂಬಿಯ ರೇಲ್ಸ್ ಫ್ರೇಮ್‌ವರ್ಕ್ ಆದರೆ ಯಾವುದು ಎಲ್ಲಿರಬೇಕೆಂದು ತಾನೇ ಹೇಳುತ್ತದೆ. ನೋಡ್‌ನಲ್ಲಿ ನಾವು ಬಳಸುವ ಎಕ್ಸ್‌ಪ್ರೆಸ್ ಹೇಳುವುದಿಲ್ಲ. ಆ್ಯಪ್‌ನ ರಚನೆ ಹೇಗಿರಬೇಕು ಎಂಬುದಕ್ಕೆ ಖಚಿತ ಉತ್ತರವಿಲ್ಲ, ಅದು ಆ್ಯಪ್‌ನ ಗಾತ್ರ ಮತ್ತು ತಂಡದ ಮೇಲೆ ನಿಂತಿದೆ ಎಂದು ಅದರ ಡಾಕ್ಯುಮೆಂಟೇಶನ್ ಕೈಮುಗಿದಿದೆ. ಇಷ್ಟು ಸ್ವಾತಂತ್ರ್ಯ ಸಿಕ್ಕಾಗ ನಮ್ಮವರು ಮಾಡಿದ್ದೇನು? ಯಾರದೋ ಗಿಟ್‌ಹಬ್‌ನಿಂದ ಬಾಯ್ಲರ್‌ಪ್ಲೇಟ್ ಎತ್ತಿಕೊಂಡು ಬಂದರು. ಎಪಿಐ ಇರುವುದು ಮೂರು. ಪದರಗಳು ಏಳು.

ರಿಫಂಡ್ ಅವಧಿಯನ್ನು 7 ದಿನದಿಂದ 10 ದಿನಕ್ಕೆ ಏರಿಸಬೇಕು ಅನ್ನಿ. ರೂಟ್ ತೆರೆಯಿರಿ, ಅದು ಕಂಟ್ರೋಲರ್ ಕಡೆ ಕೈ ತೋರಿಸುತ್ತದೆ. ಕಂಟ್ರೋಲರ್ ಸರ್ವಿಸ್ ಕಡೆ. ಸರ್ವಿಸ್ ರೆಪಾಸಿಟರಿ ಕಡೆ. ತಾಲ್ಲೂಕು ಕಚೇರಿಯೂ ಇಷ್ಟು ಟೇಬಲ್ ಸುತ್ತಿಸುವುದಿಲ್ಲ. ಕೊನೆಗೆ ಆ 7 ಸಿಗುವುದು ಎಲ್ಲಿ? ಯುಟಿಲ್ಸ್‌ನಲ್ಲಿ. ಇನ್ನೊಂದು 7 ಹೆಲ್ಪರ್ಸ್‌ನಲ್ಲಿ.

ಆರ್ಡರಿನ ರೂಟು, ಲೆಕ್ಕ, ಟೆಸ್ಟು ಎಲ್ಲ ಆರ್ಡರ್ಸ್ ಅನ್ನುವ ಒಂದೇ ಫೋಲ್ಡರಿನಲ್ಲಿ ಇಡಬಾರದೇ ಎಂದು ಕೇಳಿದರೆ ‘ಸ್ಕೇಲ್ ಆಗಲ್ಲ’ ಅನ್ನುತ್ತಾರೆ. ಆ್ಯಪ್ ಬಳಸುವವರು ನಲವತ್ತು ಮಂದಿ. ಅದರಲ್ಲಿ ಅರ್ಧ ನಮ್ಮದೇ ಟೆಸ್ಟಿಂಗ್ ತಂಡ.

ಇವರು ದಿನಕ್ಕೆ ಮೂರು ಹೊತ್ತು ಜಪಿಸುವ ‘ಕ್ಲೀನ್ ಆರ್ಕಿಟೆಕ್ಚರ್’ ಪುಸ್ತಕ ಬರೆದವರು ರಾಬರ್ಟ್ ಮಾರ್ಟಿನ್. ಮೇಲ್ಮಟ್ಟದ ಫೋಲ್ಡರ್‌ಗಳನ್ನು ನೋಡಿದ ಕೂಡಲೇ ಇದು ಯಾವ ವ್ಯವಹಾರದ ಸಾಫ್ಟ್‌ವೇರ್ ಎಂದು ತಿಳಿಯಬೇಕು, ಯಾವ ಫ್ರೇಮ್‌ವರ್ಕ್ ಎಂದಲ್ಲ ಎಂದು 2011ರಲ್ಲೇ ಬರೆದವರೂ ಅವರೇ. ಅದನ್ನು ಓದಿದವರು ಯಾರು? ಹೆಸರು ಗೊತ್ತಿದ್ದರೆ ಇಂಟರ್‌ವ್ಯೂಗೆ ಸಾಕು.

ನೋಡ್ ಕಟ್ಟಿದ ರಯಾನ್ ಡಾಲ್ 2018ರಲ್ಲಿ ವೇದಿಕೆ ಹತ್ತಿ ತನ್ನ ಪಶ್ಚಾತ್ತಾಪಗಳ ಪಟ್ಟಿ ಓದಿದ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅದರಲ್ಲಿತ್ತು, ಇಂಡೆಕ್ಸ್ ಡಾಟ್ ಜೆಎಸ್ ಕೂಡ ಇತ್ತು. ನಮ್ಮಲ್ಲಿ ಪ್ರತಿ ಫೋಲ್ಡರಿಗೂ ಒಂದು ಇಂಡೆಕ್ಸ್ ಡಾಟ್ ಜೆಎಸ್ ಕಡ್ಡಾಯ. ಎಡಿಟರ್ ತುಂಬ ಅದೇ ಹೆಸರಿನ ಟ್ಯಾಬ್‌ಗಳು. ತಪ್ಪಾಯಿತು ಎಂದು ಹುಟ್ಟಿಸಿದವನೇ ಒಪ್ಪಿಕೊಂಡರೂ ನಾವು ಬಿಡುವುದಿಲ್ಲ. ಅದು ಬೆಸ್ಟ್ ಪ್ರಾಕ್ಟೀಸ್.

ರೀಡ್‌ಮೀಯಲ್ಲಿ ಭದ್ರತೆಯ ಬಗ್ಗೆ ಎರಡು ಪುಟ ಉಪದೇಶವಿದೆ. ಡೇಟಾಬೇಸ್ ಪಾಸ್‌ವರ್ಡ್ ಹೊತ್ತ ಡಾಟ್ ಇಎನ್‌ವಿ ಫೈಲ್ ಮೊದಲ ಕಮಿಟ್‌ನಿಂದಲೂ ಗಿಟ್‌ನಲ್ಲಿ ರಾಜಾರೋಷವಾಗಿ ಕೂತಿದೆ.

ಟೆಸ್ಟ್ಸ್ ಫೋಲ್ಡರ್ ಇದೆಯೇ ಎಂದಿರಾ? ಖಂಡಿತ ಇದೆ. ಖಾಲಿ ಫೋಲ್ಡರನ್ನು ಗಿಟ್ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಳಗೆ ಡಾಟ್ ಗಿಟ್‌ಕೀಪ್ ಎಂಬ ಸೊನ್ನೆ ಬೈಟಿನ ಫೈಲೊಂದನ್ನು ಹಾಕಿ ಮರ್ಯಾದೆ ಉಳಿಸಿದ್ದಾರೆ.